ವಿಸ್ಕಾನ್ಸಿನ್‌ನಲ್ಲಿ ಮರಸು ಕೂತು ಮೂರು ಜಿಂಕೆ

ನಾನು ಹೊಡೆದ ಮೊದಲ ಜಿಂಕೆಯ ಸಾರನ್ನು ಮನೆಯಲ್ಲಿ ಯಾರೂ ಎರಡು ತುತ್ತಿಗಿಂತ ಜಾಸ್ತಿ ತಿನ್ನಲಿಲ್ಲ. ಬಿಸಿ ಇದ್ದಾಗ ಪರವಾಗಿಲ್ಲ ಅನ್ನಿಸಿತ್ತು. ತಟ್ಟೆಯಲ್ಲಿ ಸ್ವಲ್ಪ ಆರಿದ್ದೇ ತಡ, ಮೇಲೆ ಬಿಳಿ ಪೊರೆ ಕಟ್ಟಿತು. ಮೇಣದ ಬತ್ತಿ ಉಜ್ಜಿದ ಹಾಗೆ ಅಂಗುಳಕ್ಕೆಲ್ಲ ಮೆತ್ತಿಕೊಂಡಿತು. ಹೆಂಡತಿ ಏನೂ ಹೇಳದೆ ಎದ್ದು ಹೋಗಿ ಬಿಸಿನೀರು ತಂದಳು. ಮಗಳು ಮಾತ್ರ ಹೇಳಿಯೇಬಿಟ್ಟಳು, "ಅಪ್ಪಾ, ಇದು ಕ್ಯಾಂಡಲ್ ಸಾರು."

ತಪ್ಪು ನನ್ನದೇ. ನಾನು ತೀರ್ಥಹಳ್ಳಿ ಕಡೆಯವನು. ಕುರಿ, ಹಂದಿ ತಿಂದು ಬೆಳೆದವನಿಗೆ ಕೊಬ್ಬು ಅಂದರೆ ರುಚಿ. ಜಿಂಕೆಯ ಕೊಬ್ಬು ಬೇರೆಯೇ ಜಾತಿ. ಬಾಯೊಳಗೇ ಹೆಪ್ಪುಗಟ್ಟುತ್ತದೆ. ಒಂದು ಚೂರೂ ಬಿಡದೆ ಕೆರೆದು ಬಿಸಾಕಬೇಕು. ಇಷ್ಟು ತಿಳಿಯುವುದಕ್ಕೆ ಒಂದಿಡೀ ಮುಂಗಾಲು ಹಾಳಾಯಿತು.

ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಮ್ಯಾಡಿಸನ್‌ನಲ್ಲಿ ಸಾಫ್ಟ್‌ವೇರ್ ಕೆಲಸ ನನ್ನದು. ಬೇಟೆಗೆ ಇಳಿದಿದ್ದು ನಲವತ್ತು ದಾಟಿ, ಗ್ರೀನ್ ಕಾರ್ಡ್ ಕೈಗೆ ಬಂದ ಮೇಲೆ. ಪಕ್ಕದ ಮನೆಯ ಮುದುಕರು ಮೊದಲು ಹೈನುಗಾರಿಕೆ ಮಾಡುತ್ತಿದ್ದವರು. ಪ್ರತಿ ನವೆಂಬರಿನಲ್ಲಿ ಒಂದು ಪೊಟ್ಟಣ ಜಿಂಕೆ ಸಾಸೇಜ್ ತಂದು ಕೊಡುತ್ತಿದ್ದರು. ಒಂದು ಸಲ ಅಜ್ಜನ ಕೇಪಿನ ಕೋವಿಯ ಕಥೆ ಹೇಳಿದೆ. "ಹಾಗಾದರೆ ನೀನ್ಯಾಕೆ ಸುಮ್ನೆ ಕೂತಿದ್ದೀಯ?" ಅಂದರು. ಶುರುವಾಗಿದ್ದು ಹಾಗೆ.

1973ರ ಜನವರಿ 1 ಅಥವಾ ಆಮೇಲೆ ಹುಟ್ಟಿದವರು ಇಲ್ಲಿ ಲೈಸೆನ್ಸ್ ತಗೊಳ್ಳಬೇಕಾದರೆ ಬೇಟೆಗಾರರ ತರಬೇತಿ ಪಾಸಾಗಿರಬೇಕು. ನನ್ನ ಕ್ಲಾಸಿನಲ್ಲಿ ಹೆಚ್ಚಿನವರು ಹನ್ನೆರಡು ವರ್ಷದ ಮಕ್ಕಳು. ಕೋವಿ ಹಿಡಿದು ಬೇಲಿ ದಾಟುವುದು ಹೇಗೆ, ಗುಂಡು ಜಿಂಕೆಗೆ ತಾಗದಿದ್ದರೆ ಹಿಂದೆ ಏನಿದೆ ಅಂತ ಮೊದಲೇ ನೋಡಿಕೊಳ್ಳುವುದು ಹೇಗೆ, ಇದೆಲ್ಲ ಅವರಿಗೆ ಬಾಯಿಪಾಠ. ನನ್ನ ಪಕ್ಕದ ಹುಡುಗಿ ಎರಡು ಸಲ ನನ್ನನ್ನು ತಿದ್ದಿದಳು. ಕೋವಿ ಇರುವ ಮನೆಯಲ್ಲೇ ಹುಟ್ಟಿದವನು ಅನ್ನುವ ನನ್ನ ಜಂಬ ಅಲ್ಲಿಗೆ ಇಳಿಯಿತು.

ಜಿಂಕೆಯ ಮುಖ್ಯ ಕೋವಿ ಬೇಟೆಗೆ ಇಲ್ಲಿ ಒಂಬತ್ತೇ ದಿನ. ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಹಿಂದಿನ ಶನಿವಾರ ಶುರು. ನಾನು ಹೋಗುವುದು ವಿಸ್ಕಾನ್ಸಿನ್ ನದಿಯ ಕೆಳಪಾತ್ರಕ್ಕೆ. ಪ್ರೇರಿ ಡು ಸಾಕ್ ಅಣೆಕಟ್ಟಿನಿಂದ ಮಿಸಿಸಿಪಿ ಸೇರುವವರೆಗೆ ಸುಮಾರು 148 ಕಿಲೋಮೀಟರ್ ಒಂದೂ ಅಡ್ಡಗಟ್ಟೆ ಇಲ್ಲದೆ ಹರಿಯುವ ನದಿ ಅದು. 1989ರಲ್ಲಿ ಕಾನೂನು ಮಾಡಿ ಕಾಪಾಡಿದ್ದಾರೆ. ದಡದ ಓಕ್ ಗುಡ್ಡಗಳಲ್ಲಿ ಸಾಕಷ್ಟು ಭಾಗ ಸರ್ಕಾರಿ ಜಾಗ. ಲೈಸೆನ್ಸ್ ಇದ್ದರೆ ಯಾರು ಬೇಕಾದರೂ ಹೋಗಬಹುದು, ಜಮೀನ್ದಾರರ ಬಾಗಿಲು ತಟ್ಟುವ ಕೆಲಸವಿಲ್ಲ.

ಮರದ ಮೇಲೆ ಸಣ್ಣ ಸೀಟು ಕಟ್ಟಿಕೊಂಡು ಕಾಯುವುದು ಇಲ್ಲಿನ ಪದ್ಧತಿ. ಟ್ರೀ ಸ್ಟ್ಯಾಂಡ್ ಅಂತಾರೆ. ಮೊದಲ ಸಲ ನೋಡಿದಾಗ ನನಗೆ ನಗು ಬಂತು. ಇದು ನಮ್ಮ ಮರಸು ಅಲ್ವಾ! ಹಣ್ಣು ಉದುರುವ ಮರದ ಮೇಲೆ ಅಟ್ಟಣೆ ಕಟ್ಟಿ ಅಜ್ಜ ರಾತ್ರಿಯೆಲ್ಲ ಕೂರುತ್ತಿದ್ದರಂತೆ. ಇಲ್ಲಿ ರಾತ್ರಿ ಕೂರುವ ಹಾಗಿಲ್ಲ, ಬ್ಯಾಟರಿ ಬಿಡುವ ಹಾಗಿಲ್ಲ. ಸರ್ಕಾರಿ ಜಾಗದ ಮರಕ್ಕೆ ಮೊಳೆ ಹೊಡೆಯುವ ಹಾಗೂ ಇಲ್ಲ. ನಮ್ಮ ಈ ದಕ್ಷಿಣ ಭಾಗದಲ್ಲಿ ಸಂಜೆ ಸೀಟನ್ನು ಬಿಚ್ಚಿ ಹೊತ್ತುಕೊಂಡೇ ಬರಬೇಕು. ಜೊತೆಗೆ ಮೈಮೇಲೆ ಕಣ್ಣಿಗೆ ರಾಚುವ ಕಿತ್ತಳೆ ಬಣ್ಣ. ಆ ಬಣ್ಣ ಜಿಂಕೆಗೆ ನಮಗೆ ಕಂಡ ಹಾಗೆ ಕಾಣುವುದಿಲ್ಲ. ಇನ್ನೊಬ್ಬ ಬೇಟೆಗಾರನಿಗೆ ಕಾಣಲಿ ಅಂತ ಅದು.

ಮೊದಲ ವರ್ಷ, ಎರಡನೇ ದಿನ, ಮೈನಸ್ ಒಂಬತ್ತು ಡಿಗ್ರಿ. ಕಾಲ್ಬೆರಳು ಇದೆಯೋ ಇಲ್ಲವೋ ಗೊತ್ತಾಗುತ್ತಿರಲಿಲ್ಲ. ಏಳೂವರೆಗೆ ಒಂದು ಹೆಣ್ಣು ಜಿಂಕೆ ಒಣಗಿದ ಓಕ್ ಎಲೆಗಳ ಮೇಲೆ ನಡೆದು ಬಂತು. ಎರಡು ಹೆಜ್ಜೆ, ನಿಲ್ಲುವುದು, ಮತ್ತೆ ಎರಡು ಹೆಜ್ಜೆ. ಅರವತ್ತು ಮೀಟರ್ ದೂರದಲ್ಲಿ ಅಡ್ಡ ನಿಂತಿತು. ಹೊಡೆದೆ. ಅದು ಒಂದು ಸಲ ಎಗರಿ, ಬಿಳಿ ಬಾಲ ಕೆಳಗೆ ಮಾಡಿ, ಹಳುವಿನೊಳಗೆ ಓಡಿಹೋಯಿತು.

ಮುದುಕರು ಹೇಳಿಕೊಟ್ಟಿದ್ದರು: ತಕ್ಷಣ ಇಳಿಯಬೇಡ, ಅರ್ಧ ಗಂಟೆ ಕೂರು. ಅಟ್ಟಿಸಿಕೊಂಡು ಹೋದರೆ ಗಾಯದ ಪ್ರಾಣಿ ಇನ್ನೂ ದೂರ ಓಡುತ್ತದೆ. ಆ ಅರ್ಧ ಗಂಟೆ ಕೈ ನಡುಗುತ್ತಲೇ ಇತ್ತು. ಇಳಿದು ನೋಡಿದರೆ ಓಕ್ ಎಲೆಯೊಂದರ ಮೇಲೆ ಹುಣಸೆ ಬೀಜದಷ್ಟು ರಕ್ತ. ತಿಳಿ ಗುಲಾಬಿ ಬಣ್ಣ, ಒಳಗೆ ಸಣ್ಣ ಸಣ್ಣ ಗುಳ್ಳೆ. ಗುಳ್ಳೆ ಇದ್ದರೆ ಗುಂಡು ಶ್ವಾಸಕೋಶಕ್ಕೆ ಬಿದ್ದಿದೆ ಅಂತ ಅರ್ಥ. ಕಡು ಕೆಂಪಾಗಿದ್ದು ಹಸಿರು ಸೇರಿದ್ದರೆ ಹೊಟ್ಟೆಗೆ, ಆಗ ಗಂಟೆಗಟ್ಟಲೆ ಕಾಯಬೇಕು. ಎಲೆಯಿಂದ ಎಲೆಗೆ ಬಗ್ಗಿ ನೋಡುತ್ತಾ ಎಂಬತ್ತು ಹೆಜ್ಜೆ ಹೋದೆ. ಒಂದು ಬಿದ್ದ ಮರದ ಆಚೆ ಮಲಗಿತ್ತು. ಕಣ್ಣು ತೆರೆದೇ ಇತ್ತು. ಕೈ ಮುಗಿದೆ. ಯಾಕೆ ಅಂತ ಕೇಳಿದರೆ ಹೇಳಲಾರೆ.

ನನ್ನ ಮಟ್ಟಿಗೆ ನಿಜವಾದ ಕೆಲಸ ಶುರುವಾಗುವುದೇ ಆಗ. ಹೊಟ್ಟೆ ಬಗೆಯುವಾಗ ಚಾಕುವಿನ ಮೊನೆ ಮೇಲ್ಮುಖ ಇರಬೇಕು, ಎರಡು ಬೆರಳಿನ ಮಧ್ಯೆ. ಜಠರವೋ ಮೂತ್ರದ ಚೀಲವೋ ತೂತಾದರೆ ಮಾಂಸ ಕೆಡುತ್ತದೆ. ಗಂಟಲ ಕೊಳವೆಯನ್ನು ಆದಷ್ಟು ಮೇಲೆ ಕೈ ಹಾಕಿ ಕೊಯ್ದು ಎಲ್ಲವನ್ನೂ ಒಟ್ಟಿಗೆ ಎಳೆಯಬೇಕು. ಹೊರಗೆ ಮೈನಸ್ ಒಂಬತ್ತು, ಮೊಣಕೈವರೆಗೆ ಮಾತ್ರ ಬೆಚ್ಚಗೆ. ಮಾಂಸಕ್ಕೆ ಮೊದಲ ಶತ್ರು ಅದರೊಳಗಿನ ಬಿಸಿಯೇ. ಕರುಳು ಬೇಗ ತೆಗೆದಷ್ಟೂ ಬೇಗ ತಣಿಯುತ್ತದೆ. ಕಾಡುಮಾಂಸಕ್ಕೆ ಕೆಟ್ಟ ವಾಸನೆ ಅಂತ ಮೂಗು ಮುರಿಯುವವರು ಬಹಳ ಜನ. ಅರ್ಧ ವಾಸನೆ ಪ್ರಾಣಿಯದ್ದಲ್ಲ, ಬಿಸಿಯಲ್ಲೇ ಗಂಟೆಗಟ್ಟಲೆ ಬಿಟ್ಟವರದ್ದು.

ಮಾರನೇ ದಿನ ಅದೇ ದಾರಿಯಲ್ಲಿ ಹೋದೆ. ನಾನು ಬಿಟ್ಟು ಬಂದ ಕರುಳಿನ ಗುಡ್ಡೆಯ ಮೇಲೆ ಒಂದು ಬೋಳುತಲೆ ಹದ್ದು ಕೂತಿತ್ತು. ಚೆಂದದ ನೋಟವೇ, ಆದರೆ ನನಗೆ ಎದೆ ಧಸಕ್ಕಂತು. ನಾನು ಬಳಸಿದ್ದು ಮಾಮೂಲಿ ಸೀಸದ ಗುಂಡು. ಸೀಸ ಎಲುಬಿಗೆ ಬಡಿದು ಚೂರುಚೂರಾಗಿ ಮಾಂಸದಲ್ಲಿ ಹರಡುತ್ತದೆ. ಹದ್ದಿಗೆ ಅದು ವಿಷ. ತಿನ್ನುವ ನಮಗೂ ಒಳ್ಳೆಯದಲ್ಲ. ಬಾತುಕೋಳಿ ಬೇಟೆಯಲ್ಲಿ ಸೀಸದ ಚರೆಯನ್ನು ಅಮೆರಿಕದಲ್ಲಿ 1991ರಲ್ಲೇ ಪೂರ್ತಿ ನಿಲ್ಲಿಸಿದ್ದಾರೆ. ಜಿಂಕೆಗೆ ಈ ರಾಜ್ಯದಲ್ಲಿ ಇನ್ನೂ ಆ ನಿಯಮ ಇಲ್ಲ. ಮುಂದಿನ ವರ್ಷದಿಂದ ನಾನಾಗಿಯೇ ತಾಮ್ರದ ಗುಂಡಿಗೆ ಬದಲಾದೆ. ದುಡ್ಡು ಜಾಸ್ತಿ, ಆದರೆ ವರ್ಷಕ್ಕೆ ಹಾರುವುದು ಗುರಿ ಕಟ್ಟುವುದೂ ಸೇರಿ ಹತ್ತು ಹದಿನೈದು ಗುಂಡು ಅಷ್ಟೇ.

ದುಡ್ಡಿನ ಮಾತು ಬಂದಿದ್ದಕ್ಕೆ ಹೇಳುತ್ತೇನೆ. ಈ ಕೋವಿ, ಈ ಗುಂಡಿನ ಬೆಲೆಯೊಳಗೆ ಶೇಕಡಾ 11 ತೆರಿಗೆ ಸೇರಿರುತ್ತದೆ. 1937ರ ಪಿಟ್‌ಮನ್-ರಾಬರ್ಟ್‌ಸನ್ ಕಾಯ್ದೆಯದ್ದು. ಅದು ರಾಜ್ಯಗಳ ವನ್ಯಜೀವಿ ಕೆಲಸಕ್ಕೇ ಹೋಗಬೇಕು. ಬೇಟೆಯ ಲೈಸೆನ್ಸ್ ದುಡ್ಡನ್ನು ಬೇರೆ ಖರ್ಚಿಗೆ ತಿರುಗಿಸಿದ ರಾಜ್ಯಕ್ಕೆ ಇದರಲ್ಲಿ ಪಾಲು ಸಿಗುವುದಿಲ್ಲ. ಬಾತುಕೋಳಿಗೆ ಹೋಗುವವರು 25 ಡಾಲರ್ ಕೊಟ್ಟು ಡಕ್ ಸ್ಟ್ಯಾಂಪ್ ಅನ್ನುವ, ಅಂಚೆಚೀಟಿಯಂಥ ಪರವಾನಗಿ ತಗೊಳ್ಳಬೇಕು. 1934ರಲ್ಲಿ ಅದು ಒಂದು ಡಾಲರ್ ಇತ್ತು. ಅದರಲ್ಲಿ ನೂರಕ್ಕೆ 98 ಪಾಲು ಜೌಗು ಭೂಮಿ ಕೊಳ್ಳುವುದಕ್ಕೆ, ಉಳಿಸುವುದಕ್ಕೆ. ನಾನು ಬಾತುಕೋಳಿ ಹೊಡೆಯುವುದಿಲ್ಲ, ಆದರೂ ಪ್ರತಿ ವರ್ಷ ಒಂದು ಸ್ಟ್ಯಾಂಪ್ ತಗೊಳ್ಳುತ್ತೇನೆ. ಚಿತ್ರ ಚೆನ್ನಾಗಿರುತ್ತದೆ.

ಈ ನದಿ ಮಿಸಿಸಿಪಿ ಸೇರುವಲ್ಲಿ ವಯಲೂಸಿಂಗ್ ಅನ್ನುವ ಪಾರ್ಕಿದೆ. ಅಲ್ಲಿ ಒಂದು ಪಾರಿವಾಳಕ್ಕೆ ಸ್ಮಾರಕ ಕಟ್ಟಿದ್ದಾರೆ. ಒಂದು ಕಾಲಕ್ಕೆ ಆಕಾಶ ಮುಚ್ಚುವಷ್ಟಿದ್ದ ಪ್ಯಾಸೆಂಜರ್ ಪಿಜನ್. ವಿಸ್ಕಾನ್ಸಿನ್ನಿನ ಕೊನೆಯದನ್ನು 1899ರಲ್ಲಿ ಬ್ಯಾಬ್ಕಾಕ್ ಊರಿನ ಹತ್ತಿರ ಹೊಡೆದರು ಅಂತ ಫಲಕದಲ್ಲಿದೆ. ಪೀಪಾಯಿಗಟ್ಟಲೆ ತುಂಬಿ ರೈಲಿನಲ್ಲಿ ಪೇಟೆಗೆ ಮಾರಿ ಮುಗಿಸಿದ ಹಕ್ಕಿ ಅದು. ಅದಕ್ಕೇ ಇಲ್ಲಿ ಹೊಡೆದ ಜಿಂಕೆಯ ಮಾಂಸವನ್ನು ಮಾರುವ ಹಾಗಿಲ್ಲ. ತಿನ್ನಬಹುದು, ಹಂಚಬಹುದು. ಆ ಫಲಕದ ಮುಂದೆ ನಿಂತಾಗ ನನಗೆ ನೆನಪಾಗಿದ್ದು ನಮ್ಮೂರು. ಅಜ್ಜನ ಕಾಲದಲ್ಲಿ ಹಳು ಸೋವಿ, ಅಂದರೆ ಪೊದೆ ಬಡಿದು ಪ್ರಾಣಿ ಎಬ್ಬಿಸಿ, ಹೊಡೆದು, ಮನೆಮನೆಗೆ ಪಾಲು ಹಾಕುತ್ತಿದ್ದರು. ಆಮೇಲೆ ಜೀಪು ಬಂತು, ಪ್ರಖರವಾದ ಬ್ಯಾಟರಿ ಬಂತು, ಹೋಟೆಲಿನವರು ಕೇಳಿಕೊಂಡು ಬಂದರು. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೂ ರಾತ್ರಿ ಈಡು ಕೇಳಿಸುತ್ತಿತ್ತು. ನಾನು ಶಾಲೆಗೆ ಹೋಗುವ ಹೊತ್ತಿಗೆ ಕಾಡುಕುರಿ ಕೂಗಿದರೆ ಮನೆಯವರೆಲ್ಲ ಅಂಗಳಕ್ಕೆ ಬರುವಷ್ಟು ಅಪರೂಪವಾಗಿತ್ತು. ಅಮೆರಿಕದಲ್ಲಿ ಬೇಟೆಗೆ ಬಿಟ್ಟಿದ್ದಾರಲ್ಲ, ನಮ್ಮಲ್ಲೂ ಬಿಡಲಿ ಅಂತ ಕೆಲವು ಗೆಳೆಯರು ವಾದ ಮಾಡುತ್ತಾರೆ. ನನಗೆ ಒಪ್ಪಿಗೆ ಇಲ್ಲ. ಇಲ್ಲಿ ಜಿಂಕೆ ಜಾಸ್ತಿಯಾಗಿ ಓಕ್ ಸಸಿಗಳನ್ನು ಮೇಲೇಳಲು ಬಿಡುತ್ತಿಲ್ಲ. ನಮ್ಮ ಕಡೆ ಆ ಸ್ಥಿತಿ ಎಲ್ಲಿದೆ? ಊರಿಗೆ ಹೋದಾಗ ನಾನು ಕೋವಿ ಮುಟ್ಟುವುದಿಲ್ಲ.

ಹೆಣ್ಣು ಜಿಂಕೆ ಹೊಡೆದೆ ಅಂದಾಗ ಅಮ್ಮನಿಗೆ ಬೇಸರವಾಯಿತು. ಇಲ್ಲಿನವರಿಗೂ ಒಂದು ಕಾಲಕ್ಕೆ ಹಾಗೇ ಆಗಿತ್ತು. 1943ರಲ್ಲಿ ಹೆಣ್ಣು ಜಿಂಕೆಗೂ ಅನುಮತಿ ಕೊಟ್ಟಾಗ ಬೇಟೆಗಾರರೇ ರೊಚ್ಚಿಗೆದ್ದಿದ್ದರು. ಜಿಂಕೆ ಕಡಿಮೆಯಾಗಬೇಕು ಅಂತ ಅವತ್ತು ಪಟ್ಟು ಹಿಡಿದವರಲ್ಲಿ ಆಲ್ಡೊ ಲಿಯೊಪೋಲ್ಡ್ ಒಬ್ಬರು. ಸ್ವತಃ ಬೇಟೆಗಾರ, ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಪ್ರೊಫೆಸರ್. 1935ರಲ್ಲಿ ಇದೇ ನದಿಯ ದಡದಲ್ಲಿ, ಬ್ಯಾರಬೂ ಹತ್ತಿರ, ಸವೆದು ಮರಳಾದ ಹಳೇ ಹೊಲವೊಂದನ್ನು ಕೊಂಡರು. ಕೋಳಿಗೂಡನ್ನೇ ಗುಡಿಸಲು ಮಾಡಿಕೊಂಡು, ಹೆಂಡತಿ ಮಕ್ಕಳ ಜೊತೆ ಸಾವಿರಾರು ಪೈನ್ ಸಸಿ ನೆಟ್ಟರು. 1948ರಲ್ಲಿ ನೆರೆಯವರ ಹುಲ್ಲಿಗೆ ಬಿದ್ದ ಬೆಂಕಿ ಆರಿಸಲು ಹೋಗಿ ಅಲ್ಲೇ ತೀರಿಕೊಂಡರು. ಆ ಗುಡಿಸಲು ಈಗಲೂ ಇದೆ. ತಲೆ ಬಗ್ಗಿಸಿ ಒಳಗೆ ಹೋಗಬೇಕು.

ಎರಡನೇ ವರ್ಷದ ಜಿಂಕೆ ಮೊದಲನೆಯದಕ್ಕಿಂತ ಚೆನ್ನಾಗಿತ್ತು. ಮೂಳೆ ಬಿಡಿಸಿ ಸುಮಾರು 20 ಕಿಲೋ ಮಾಂಸ. ಪೊಟ್ಟಣ ಕಟ್ಟಿ, ದಿನಾಂಕ ಬರೆದು ಫ್ರೀಜರಿನಲ್ಲಿ ಇಟ್ಟೆ. ಇಲ್ಲಿನ ಜಿಂಕೆಗಳಲ್ಲಿ ಸಿಡಬ್ಲ್ಯೂಡಿ (ಕ್ರಾನಿಕ್ ವೇಸ್ಟಿಂಗ್ ಡಿಸೀಸ್) ಅಂತ ಒಂದು ಕಾಯಿಲೆ ಇದೆ. ಪ್ರಿಯಾನ್ ಅನ್ನುವ ಕೆಟ್ಟ ಪ್ರೋಟೀನಿನಿಂದ ಬಂದು ಮಿದುಳನ್ನು ತೂತು ಮಾಡುವ ಕಾಯಿಲೆ. ಈ ರಾಜ್ಯದಲ್ಲಿ 2002ರಲ್ಲಿ ಮೊದಲು ಪತ್ತೆಯಾಯಿತು, ನಮ್ಮ ಸುತ್ತಮುತ್ತಲೇ ಜಾಸ್ತಿ. ಬೇಯಿಸಿದರೆ ಹೋಗುವುದಿಲ್ಲ. ಮನುಷ್ಯರಿಗೆ ಬಂದದ್ದು ಸಾಬೀತಾಗಿಲ್ಲ, ಆದರೂ ಸೋಂಕು ಇದ್ದರೆ ತಿನ್ನಬೇಡಿ ಅನ್ನುತ್ತಾರೆ. ತಲೆಯನ್ನು ಕುತ್ತಿಗೆಯ ತುಂಡು ಸಮೇತ ಒಂದು ಪೆಟ್ಟಿಗೆಗೆ ಹಾಕಿ ಬಂದರೆ ಸರ್ಕಾರ ಪುಕ್ಕಟೆ ಪರೀಕ್ಷೆ ಮಾಡುತ್ತದೆ. ಹನ್ನೊಂದನೇ ದಿನ ಫಲಿತಾಂಶ ಬಂತು. ಪಾಸಿಟಿವ್.

ಅಷ್ಟೂ ಪೊಟ್ಟಣವನ್ನು ಎರಡೆರಡು ಚೀಲದಲ್ಲಿ ಕಟ್ಟಿ ಕಸಕ್ಕೆ ಕಳಿಸಿದೆ. ಕೊಂದಿದ್ದು ನಾನು, ತಿನ್ನಲಿಲ್ಲ ಯಾರೂ. ನಾಲ್ಕು ದಿನ ಸರಿಯಾಗಿ ನಿದ್ದೆ ಬರಲಿಲ್ಲ. ನೋಡಿದರೆ ಆರೋಗ್ಯವಾಗಿಯೇ ಇತ್ತು, ಮೈಕೈ ತುಂಬಿಕೊಂಡಿತ್ತು. ಅಕ್ಕಪಕ್ಕದಲ್ಲಿ ಪರೀಕ್ಷೆ ಮಾಡಿಸದೆಯೇ ತಿನ್ನುವವರು ಇದ್ದಾರೆ. ನಾನಂತೂ ಫಲಿತಾಂಶ ಬರುವವರೆಗೆ ಪೊಟ್ಟಣ ಬಿಚ್ಚುವುದಿಲ್ಲ.

ಮೂರನೇ ವರ್ಷ ಅಮ್ಮ ಬಂದಿದ್ದರು, ಸೂಟ್‌ಕೇಸಿನಲ್ಲಿ ಒಂದು ಬಾಟಲಿ ಉಪ್ಪಾಗೆ ಹುಳಿ ಸಮೇತ. ಪರೀಕ್ಷೆ ನೆಗೆಟಿವ್ ಬಂತು. ಮೊದಲು ಬೆನ್ನೆಲುಬಿನ ಪಕ್ಕದ ಉದ್ದನೆ ಮಾಂಸ. ಅದಕ್ಕೆ ಮಸಾಲೆ ಬೇಡ. ಉಪ್ಪು, ಕಾಳುಮೆಣಸು, ಕಾದ ಕಬ್ಬಿಣದ ಬಾಣಲೆ, ಎರಡೂ ಮಗ್ಗುಲು ಸ್ವಲ್ಪ ಸ್ವಲ್ಪ ಹೊತ್ತು. ಒಳಗಿನ ಬಿಸಿ 55 ಡಿಗ್ರಿ ಆದಾಗ ನಾನು ಒಲೆಯಿಂದ ಇಳಿಸುತ್ತೇನೆ. ಕೈಮಾ ಆದರೆ 71 ಮುಟ್ಟಲೇಬೇಕು. ಅಮ್ಮ ಒಳಗಿನ ಕೆಂಪು ನೋಡಿ ತಟ್ಟೆ ದೂಡಿದರು.

ಸಾರಿಗೆ ಭುಜದ ಮಾಂಸ. ಕೊಬ್ಬು, ಬೆಳ್ಳಿ ಬಣ್ಣದ ಪೊರೆ ಎಲ್ಲ ಬಿಡಿಸಿ, ಅರಿಶಿನ, ಉಪ್ಪು, ಶುಂಠಿ, ಬೆಳ್ಳುಳ್ಳಿ ಹಚ್ಚಿ ರಾತ್ರಿಯಿಡೀ ಇಟ್ಟೆ. ಮಾಂಸದಲ್ಲಿ ಜಿಡ್ಡೇ ಇಲ್ಲವಲ್ಲ, ಅದಕ್ಕೆ ತೆಂಗಿನೆಣ್ಣೆ ಧಾರಾಳ. ಈರುಳ್ಳಿ, ಹುರಿದು ಅರೆದ ಕೊತ್ತಂಬರಿ, ಕಾಳುಮೆಣಸು, ಲವಂಗ, ಚಕ್ಕೆ. ಕುಕ್ಕರ್ ಬೇಡವೇ ಬೇಡ. ಸೀಟಿ ಹೊಡೆಸಿದರೆ ನಾರು ನಾರು. ದಪ್ಪ ತಳದ ಪಾತ್ರೆಯಲ್ಲಿ ಸಣ್ಣ ಉರಿ, ಮೂರು ಗಂಟೆ. ಹುರಿದ ತೆಂಗಿನಕಾಯಿ ಆಮೇಲೆ. ಉಪ್ಪಾಗೆ ಹುಳಿ ಕೊನೆಗೆ ಒಂದು ಚಮಚ, ಕಪ್ಪು ಬಣ್ಣ ತಿರುಗುವಷ್ಟು.

ಕಡುಬು ಮುರಿದು ಸಾರಿನಲ್ಲಿ ಅದ್ದಿ ಅಮ್ಮ ಬಾಯಿಗಿಟ್ಟರು. ನಾನು ಅವರ ಮುಖವನ್ನೇ ನೋಡುತ್ತಿದ್ದೆ.

"ತಲೆ ಎಲ್ಲಿ?" ಅಂದರು. ಅಜ್ಜನ ಮನೆಯಲ್ಲಿ ಹೊಡೆದವನ ಪಾಲಿಗೆ ತಲೆ.

"ಸರ್ಕಾರಕ್ಕೆ ಕೊಟ್ಟೆ."

"ಗುಂಡು ಹೊಡೆದವನು ನೀನು, ತಲೆ ಪಾಲು ಸರ್ಕಾರಕ್ಕಾ?" ಅಂದು, ಇನ್ನೊಂದು ಕಡುಬಿಗೆ ಕೈ ಚಾಚಿದರು.