ತೂಕದ ಯಂತ್ರ ಹಿಡಿದು ಕಾರು ತಳ್ಳಿದೆ

ಬಲ ಅಂದರೆ ದ್ರವ್ಯರಾಶಿ ಗುಣಿಸು ವೇಗೋತ್ಕರ್ಷ (ಸೆಕೆಂಡಿಗೆ ವೇಗ ಎಷ್ಟು ಏರುತ್ತದೆ ಅನ್ನುವುದು). ಬೋರ್ಡಿನ ಮೇಲೆ ಇದನ್ನು ಎಷ್ಟು ಸಲ ಬರೆದಿದ್ದೇನೋ ಲೆಕ್ಕವಿಲ್ಲ. ಆದರೆ ಒಂದು ಸಲವೂ ನಿಜವಾದ ಗಾಡಿಯ ಮೇಲೆ ಅಳೆದು ನೋಡಿರಲಿಲ್ಲ. ಬ್ಯಾಟರಿ ಕೈಕೊಟ್ಟು ಕಾರು ತಳ್ಳಬೇಕಾಗಿ ಬಂದ ದಿನ, ಹೇಗೂ ತಳ್ಳುತ್ತಿದ್ದೇನೆ, ಅಳೆದೇ ಬಿಡೋಣ ಅನ್ನಿಸಿತು.

ಮನೆಯಲ್ಲಿ ನಿಂತು ತೂಕ ನೋಡುವ ಯಂತ್ರವನ್ನು ಕಾರಿನ ಹಿಂಭಾಗಕ್ಕೆ ಒತ್ತಿ ಹಿಡಿದು, ಅದರ ಮೇಲೆ ಕೈಯಿಟ್ಟು ತಳ್ಳುವುದು. ಇಷ್ಟೇ ಉಪಾಯ. ಡಿಜಿಟಲ್ ಯಂತ್ರ ಕೆಲಸಕ್ಕೆ ಬರಲಿಲ್ಲ, ಒಮ್ಮೆ ತೋರಿಸಿದ ಅಂಕಿಯನ್ನೇ ಹಿಡಿದು ಕೂರುತ್ತದೆ. ಮುಳ್ಳಿರುವ ಹಳೆಯದೇ ಬೇಕು. ಅದನ್ನು ನೆಟ್ಟಗೆ ನಿಲ್ಲಿಸಿದಾಗ ಮುಳ್ಳು ಸೊನ್ನೆಯಿಂದ ಸ್ವಲ್ಪ ಸರಿಯುತ್ತದೆ, ಮೊದಲು ಸರಿಮಾಡಿಕೊಳ್ಳಿ. ತೆಳು ತಗಡಿನ ಜಾಗದಲ್ಲಿ ಒತ್ತಬೇಡಿ, ತಗ್ಗು ಬೀಳುತ್ತದೆ.

ಕಾರು 900 ಕೆ.ಜಿ., ಸ್ಟೀರಿಂಗ್ ಹಿಡಿದು ಕೂತ ಗೆಳೆಯ 60. ಒಟ್ಟು 960. ಮುಳ್ಳು 25 ಕೆ.ಜಿ. ದಾಟದಂತೆ ತಳ್ಳಿದೆ. ಬಲವನ್ನು ಅಳೆಯುವುದು ನ್ಯೂಟನ್‌ನಲ್ಲಿ, ಮುಳ್ಳಿನ ಒಂದು ಕೆ.ಜಿ.ಗೆ 9.8. ಅಂದರೆ ಸುಮಾರು 245 ನ್ಯೂಟನ್. ಪುಸ್ತಕದ ಲೆಕ್ಕದಲ್ಲಿ ನಿಂತಲ್ಲಿಂದ 10 ಮೀಟರ್ ಹೋಗಲು 9 ಸೆಕೆಂಡ್ ಸಾಕು. ನನಗೆ ಹಿಡಿದದ್ದು 12.

ಮೊದಲು ಗಡಿಯಾರ ಒತ್ತಿದವನನ್ನು ಬೈದೆ. ಆಮೇಲೆ ನೆಲ ಓರೆಯಿರಬಹುದು ಅಂತ ಅದೇ ದಾರಿಯಲ್ಲಿ ಕಾರು ತಿರುಗಿಸಿ ತಳ್ಳಿದೆ. ಹೆಚ್ಚುಕಮ್ಮಿ ಅಷ್ಟೇ ಬಂತು. (ಈ ಪರೀಕ್ಷೆ ಬಿಡಬೇಡಿ. 100 ಮೀಟರಿಗೆ 1 ಮೀಟರ್ ಇಳಿಜಾರಿದ್ದರೂ ಅದೊಂದೇ 94 ನ್ಯೂಟನ್ ತಳ್ಳುತ್ತದೆ, ಕಣ್ಣಿಗೆ ಗೊತ್ತೇ ಆಗುವುದಿಲ್ಲ.)

ನಾನು ಮರೆತದ್ದು ಟೈರನ್ನು. ಉರುಳುವಾಗ ಟೈರು ನೆಲಕ್ಕೆ ಒತ್ತಿ ಚಪ್ಪಟೆಯಾಗುತ್ತದೆ, ಮತ್ತೆ ಉಬ್ಬುತ್ತದೆ. ಅದಕ್ಕೂ ಬಲ ಬೇಕಲ್ವಾ? ಎಷ್ಟು ಅಂತ ನೋಡಲು, ಕಾರು ಜೋರೂ ಆಗದೆ ನಿಧಾನವೂ ಆಗದೆ ಒಂದೇ ಸಮ ಸಾಗುವಷ್ಟು ಮಾತ್ರ ತಳ್ಳಿದೆ. ಮುಳ್ಳು ಹನ್ನೊಂದೂವರೆ ಕೆ.ಜಿ. ಹತ್ತಿರ ನಿಂತಿತು, ಅಂದರೆ 113 ನ್ಯೂಟನ್. ಎಷ್ಟೇ ತಳ್ಳಿದರೂ ಈ ಪಾಲು ಟೈರಿಗೇ ಹೋಗುತ್ತದೆ. 245ರಲ್ಲಿ ವೇಗ ಹೆಚ್ಚಿಸಲು ಉಳಿದದ್ದು 132. ಅದನ್ನು 960ರಿಂದ ಭಾಗಿಸಿದರೆ ವೇಗೋತ್ಕರ್ಷ, ಅದರಿಂದ 10 ಮೀಟರಿನ ಸಮಯ ಲೆಕ್ಕ ಮಾಡಿದರೆ 12 ಸೆಕೆಂಡೇ! ಗಡಿಯಾರ ಒತ್ತಿದವನ ಕ್ಷಮೆ ಕೇಳಿದೆ.

ನಂತರ ಇನ್ನೂ ನಾಲ್ಕು ಜನರನ್ನು ಹತ್ತಿಸಿದೆ. ತೂಕ 260 ಕೆ.ಜಿ. ಜಾಸ್ತಿಯಾಯಿತು. ಅದೇ 25 ಕೆ.ಜಿ. ಒತ್ತಡ, ಸಮಯ ಮಾತ್ರ ಹದಿನೈದೂವರೆ ಸೆಕೆಂಡ್. ಇಲ್ಲಿ ಹೊರೆ ಎರಡು ಕಡೆಯಿಂದ ಹೊಡೆಯುತ್ತದೆ. ಎಳೆಯಬೇಕಾದ ದ್ರವ್ಯರಾಶಿಯೂ ಏರಿತು, ಟೈರಿನ ಪಾಲೂ ಏರಿತು. ತುಂಬಿದ ಗಾಡಿ ಹಸಿರು ದೀಪ ಬಿದ್ದಾಗ ಏಕೆ ಅಷ್ಟು ತಡಮಾಡುತ್ತದೆ ಅನ್ನುವುದು ಅವತ್ತು ನನ್ನ ಭುಜಕ್ಕೆ ಅರ್ಥವಾಯಿತು.

ನೀವೂ ಮಾಡುವುದಾದರೆ ವಾಹನ ಓಡಾಡದ ಸಮತಟ್ಟು ಜಾಗದಲ್ಲೇ ಮಾಡಿ. ಸ್ಟೀರಿಂಗ್ ಲಾಕ್ ಆಗದಂತೆ ಕೀ ಹಾಕಿ ತಿರುಗಿಸಿಟ್ಟಿರಲಿ. ಎಂಜಿನ್ ಆಫ್ ಇದ್ದಾಗ ಒಂದೆರಡು ಸಲ ಒತ್ತಿದ ಮೇಲೆ ಬ್ರೇಕ್ ಕಲ್ಲಿನಂತೆ ಗಟ್ಟಿಯಾಗುತ್ತದೆ, ಒಳಗೆ ಕೂತವರಿಗೆ ಮೊದಲೇ ಹೇಳಿಡಿ. ನಾನು ಹೇಳಿರಲಿಲ್ಲ. ಕಾರು ಗೋಡೆಗೆ ಇನ್ನೊಂದು ಮೊಳ ಇರುವಾಗ ನಿಂತಿತು.