ಮ್ಯಾಡಿಸನ್‌ನಲ್ಲಿ ಓಟಿಸ್ ರೆಡ್ಡಿಂಗ್ ಸಂಜೆ: ನಾನು ಮಾಡುವ ರೀತಿ

ಪ್ರತಿ ವರ್ಷ ಡಿಸೆಂಬರ್ 10ರಂದು ನಮ್ಮ ಮನೆಯಲ್ಲಿ 1960ರ ದಶಕದ ಅಮೆರಿಕದ ಕಪ್ಪು ಗಾಯಕ ಓಟಿಸ್ ರೆಡ್ಡಿಂಗ್ ಹಾಡುಗಳನ್ನು ಕೇಳುವ ಸಂಜೆ ಇರುತ್ತದೆ. ಭಾಷಣ ಇಲ್ಲ, ಫೋಟೋಗೆ ಹಾರ ಇಲ್ಲ. ಹತ್ತು ಹನ್ನೆರಡು ಜನ ಕೂತು ಕೇಳುತ್ತೇವೆ, ಅಷ್ಟೇ. ಬೇರೆ ಊರಿನ ಕನ್ನಡದ ಗೆಳೆಯರು ಇದನ್ನು ಹೇಗೆ ಮಾಡುತ್ತೀಯಾ, ನಾವೂ ನಮಗಿಷ್ಟದ ಗಾಯಕರಿಗೆ ಒಂದು ಇಟ್ಟುಕೊಳ್ಳಬೇಕು ಅಂತ ಕೇಳುತ್ತಾ ಇರುತ್ತಾರೆ. ಒಬ್ಬೊಬ್ಬರಿಗೂ ಫೋನಲ್ಲಿ ಹೇಳೋ ಬದಲು ಒಂದೇ ಸಲ ಬರೆದುಬಿಡುತ್ತೇನೆ.

ನಾನಿರುವುದು ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಮ್ಯಾಡಿಸನ್‌ನಲ್ಲಿ. ಓಟಿಸ್ ಹುಟ್ಟಿದ್ದು ಇಲ್ಲಲ್ಲ. ಜಾರ್ಜಿಯಾದ ಡಾಸನ್‌ನಲ್ಲಿ 1941ರಲ್ಲಿ ಹುಟ್ಟಿ, ಮೇಕನ್ ಅನ್ನೋ ಊರಲ್ಲಿ ಚರ್ಚಿನ ಹಾಡುಗಳ ಮಧ್ಯೆ ಬೆಳೆದವನು. ಹೆಸರು ಮಾಡಿದ್ದು ಮೆಂಫಿಸ್‌ನ ಸ್ಟ್ಯಾಕ್ಸ್ ಸ್ಟುಡಿಯೋದಲ್ಲಿ. ಆದರೆ ಸತ್ತಿದ್ದು ಇಲ್ಲಿ. 1967ರ ಡಿಸೆಂಬರ್ 10ರ ಮಧ್ಯಾಹ್ನ ಕ್ಲೀವ್‌ಲ್ಯಾಂಡ್‌ನಿಂದ ಮ್ಯಾಡಿಸನ್‌ಗೆ ಕಾರ್ಯಕ್ರಮಕ್ಕೆ ಬರುತ್ತಿದ್ದ ಅವನ ಚಿಕ್ಕ ವಿಮಾನ ಇನ್ನೇನು ಇಳಿಯಬೇಕು ಅನ್ನುವಾಗ ಮೊನೋನಾ ಕೆರೆಗೆ ಬಿತ್ತು. ಅವನಿಗೆ 26 ವರ್ಷ. ವಿಮಾನದಲ್ಲಿದ್ದ ಎಂಟು ಜನರಲ್ಲಿ ಉಳಿದಿದ್ದು ಒಬ್ಬರೇ, ಟ್ರಂಪೆಟ್ ನುಡಿಸುತ್ತಿದ್ದ ಬೆನ್ ಕಾಲಿ. ಸೀಟಿನ ಮೆತ್ತೆ ಹಿಡಿದುಕೊಂಡು ತಣ್ಣೀರಿನಲ್ಲಿ ತೇಲುತ್ತಾ ಇದ್ದರು.

ಕೆರೆಯ ದಂಡೆಯಲ್ಲಿ ಮೊನೋನಾ ಟೆರೇಸ್ ಅಂತ ದೊಡ್ಡ ಕಟ್ಟಡ ಇದೆ. ಅದರ ಮೇಲಿನ ತೋಟದಲ್ಲಿ ಓಟಿಸ್ ನೆನಪಿನ ಫಲಕ ಇದೆ. ಮೊದಲು ಅಲ್ಲಿಗೆ ಹೋಗುತ್ತೇವೆ. ಯಾರೋ ಹೂವು ಇಟ್ಟು ಹೋಗಿರುತ್ತಾರೆ. ಡಿಸೆಂಬರ್ ಗಾಳಿಗೆ ಐದು ನಿಮಿಷ ನಿಂತರೆ ಕಿವಿ ಕಿತ್ತು ಬರುತ್ತದೆ, ಹಾಗಾಗಿ ಬೇಗ ಮನೆಗೆ.

ಇನ್ನು ಕೇಳುವ ವಿಷಯ. ನನ್ನದು ಒಂದೇ ಹಟ: ಸಾವಿನ ಕಥೆ ಹತ್ತು ನಿಮಿಷಕ್ಕಿಂತ ಜಾಸ್ತಿ ಬೇಡ. ವಿಮಾನ, ಕೆರೆ, ಮಂಜು ಅಂತ ಮಾತು ಶುರುವಾದರೆ ಸಂಜೆಯೆಲ್ಲಾ ಅದರಲ್ಲೇ ಮುಗಿದುಹೋಗುತ್ತದೆ. ಅವನು ಕೆಲಸ ಮಾಡಿದ್ದು ಹೆಚ್ಚು ಕಡಿಮೆ ಐದು ವರ್ಷ. ಆ ಐದು ವರ್ಷದಲ್ಲಿ ಏನು ಮಾಡಿದ, ಹೇಗೆ ಮಾಡಿದ ಅನ್ನೋದು ಕಿವಿಗೆ ಬೀಳಬೇಕು. ಅಭಿಮಾನಿಗಳು ಕಣ್ಣೀರು ಹಾಕೋಕೆ ಬಂದರೆ ನನ್ನ ಅಭ್ಯಂತರ ಇಲ್ಲ, ಆದರೆ ಹಾಡು ಕೇಳಿ ಹಾಕಲಿ.

ಮೊದಲ ಹಾಡು ಓಟಿಸ್‌ದೇ ಅಲ್ಲ. ಹೊಸಬರಿಗೆ ಇದು ವಿಚಿತ್ರ ಅನಿಸುತ್ತದೆ. ಬಾರ್-ಕೇಸ್ ಅನ್ನೋ ತಂಡದ ‘ಸೋಲ್ ಫಿಂಗರ್’ ಹಾಕುತ್ತೇನೆ. 1967ರದ್ದು, ಹುಡುಗಾಟ ತುಂಬಿದ ವಾದ್ಯಸಂಗೀತ, ಹಿಂದೆ ಮಕ್ಕಳ ಗಲಾಟೆ ಬೇರೆ. ಆ ತಂಡದವರೇ ಓಟಿಸ್ ಜೊತೆ ಊರೂರು ತಿರುಗಿ ನುಡಿಸುತ್ತಿದ್ದರು. ಜಿಮ್ಮಿ ಕಿಂಗ್, ರಾನಿ ಕಾಲ್ಡ್‌ವೆಲ್, ಫೇಲನ್ ಜೋನ್ಸ್, ಕಾರ್ಲ್ ಕನಿಂಗ್‌ಹ್ಯಾಮ್. ಹದಿನೆಂಟು ಹತ್ತೊಂಬತ್ತರ ಹುಡುಗರು. ನಾಲ್ವರೂ ಅದೇ ವಿಮಾನದಲ್ಲಿ ಹೋದರು. ಓಟಿಸ್ ಹೆಸರಿನ ಪಕ್ಕದಲ್ಲಿ ಅವರ ಹೆಸರು ಯಾರೂ ಹೇಳುವುದಿಲ್ಲ. ನಾನು ಹೇಳುತ್ತೇನೆ, ಹಾಡು ಹಾಕುತ್ತೇನೆ, ಮುಂದೆ ಹೋಗುತ್ತೇನೆ.

ಆಮೇಲೆ 1962ರ ‘ದೀಸ್ ಆರ್ಮ್ಸ್ ಆಫ್ ಮೈನ್’. ಇದರ ಕಥೆ ಮಾತ್ರ ಹೇಳಲೇಬೇಕು. ಅವತ್ತು ಸ್ಟ್ಯಾಕ್ಸ್‌ನಲ್ಲಿ ರೆಕಾರ್ಡಿಂಗ್ ಇದ್ದದ್ದು ಜಾನಿ ಜೆಂಕಿನ್ಸ್ ಅನ್ನೋ ಗಿಟಾರಿಸ್ಟ್‌ಗೆ. ಜೆಂಕಿನ್ಸ್ ತಂಡದಲ್ಲಿ ಓಟಿಸ್ ಹಾಡುತ್ತಿದ್ದ, ಅವತ್ತು ಮೇಕನ್‌ನಿಂದ ಮೆಂಫಿಸ್‌ಗೆ ಕಾರು ಓಡಿಸಿಕೊಂಡು ಬಂದವನೂ ಅವನೇ. ಜೆಂಕಿನ್ಸ್ ಕೆಲಸ ಅಷ್ಟು ಸರಿಹೋಗಲಿಲ್ಲ. ಕೊನೆಗೆ ಸ್ವಲ್ಪ ಹೊತ್ತು ಉಳಿದಿತ್ತು, ಇವನಿಗೊಂದು ಅವಕಾಶ ಸಿಕ್ಕಿತು. ಗಿಟಾರ್ ನುಡಿಸಬೇಕಾದ, ಸ್ಟ್ಯಾಕ್ಸ್‌ನವರೇ ಆದ ಸ್ಟೀವ್ ಕ್ರಾಪರ್ ಪಿಯಾನೋ ಮುಂದೆ ಕೂತರು. ಆ ಹಾಡಿನಲ್ಲಿ ಮೊದಲಿನಿಂದ ಕೊನೆಯವರೆಗೂ ಪಿಯಾನೋ ಮೂರು ಮೂರು ಏಟಿನಂತೆ ಒಂದೇ ಸಮ ಬಡಿಯುತ್ತದೆ, ಅದರ ಮೇಲೆ ಓಟಿಸ್ ಸ್ವರವನ್ನು ಎಳೆದು, ಬಿಟ್ಟು, ಮತ್ತೆ ಎಳೆಯುತ್ತಾನೆ. ದನಿ ಅಲ್ಲಲ್ಲಿ ಒಡೆಯುತ್ತದೆ. ಅದು ಬರಬಾರದ ದೋಷ ಅಲ್ಲ, ಅವನು ಬೇಕೆಂದೇ ಅಲ್ಲಿ ಬಿಡುತ್ತಾನೆ. ಇದನ್ನು ಕೇಳುವಾಗ ಲೈಟು ಆರಿಸುತ್ತೇನೆ. ಮತ್ಯಾವುದಕ್ಕೂ ಆರಿಸುವುದಿಲ್ಲ.

ಸ್ಟ್ಯಾಕ್ಸ್ ಬಗ್ಗೆ ಎರಡು ಮಾತು. ಅದು ಹಳೇ ಸಿನಿಮಾ ಟಾಕೀಸು. ಸೀಟು ಕಿತ್ತರೂ ನೆಲದ ಇಳಿಜಾರು ಹಾಗೇ ಉಳಿಯಿತು. ಕಪ್ಪು-ಬಿಳಿ ಜನ ಒಂದೇ ಹೋಟೆಲಿನಲ್ಲಿ ಕೂತು ಊಟ ಮಾಡೋಕೆ ಆಗದಿದ್ದ ಊರಲ್ಲಿ, ಆ ಟಾಕೀಸಿನೊಳಗೆ ಇಬ್ಬರೂ ಸೇರಿ ನುಡಿಸುತ್ತಿದ್ದರು. ಆರ್ಗನ್ ನುಡಿಸುತ್ತಿದ್ದ ಬುಕರ್ ಟಿ. ಜೋನ್ಸ್ ಮತ್ತು ಡ್ರಮ್ಮರ್ ಅಲ್ ಜಾಕ್ಸನ್ ಕಪ್ಪು ಜನ, ಕ್ರಾಪರ್ ಮತ್ತು ಬೇಸ್ ಗಿಟಾರಿನ ಡಕ್ ಡನ್ ಬಿಳಿಯರು. ಓಟಿಸ್ ಹಾಡಿನ ಹಿಂದೆ ಇರುವುದು ಹೆಚ್ಚಾಗಿ ಈ ನಾಲ್ವರೇ. ಟ್ರಂಪೆಟ್, ಸ್ಯಾಕ್ಸೊಫೋನ್‌ನವರಿಗೆ ಅವನು ಸ್ವರ ಬರೆದು ಕೊಡುತ್ತಿರಲಿಲ್ಲ. ಬಾಯಲ್ಲೇ ಹಾಡಿ ತೋರಿಸುತ್ತಿದ್ದ. ಅದನ್ನು ತಿಳಿದುಕೊಂಡು ಕೇಳಿ ನೋಡಿ, ಟ್ರಂಪೆಟ್‌ಗಳು ನುಡಿಯುವುದೂ ಓಟಿಸ್ ಗಂಟಲಿನ ಥರಾನೇ ಕೇಳಿಸುತ್ತದೆ.

1965ರ ‘ಓಟಿಸ್ ಬ್ಲೂ’ ಆಲ್ಬಮ್‌ನ ಒಂದು ಬದಿ ಪೂರ್ತಿ ಹಾಕುತ್ತೇನೆ. ಹೆಚ್ಚು ಕಡಿಮೆ ಒಂದು ಹಗಲು ರಾತ್ರಿಯಲ್ಲಿ ಮುಗಿಸಿದ್ದು ಅದು. ಮಧ್ಯೆ ವಾದ್ಯದವರು ಕ್ಲಬ್ಬಿನ ಕೆಲಸಕ್ಕೆ ಹೋಗಿ, ನುಡಿಸಿ, ವಾಪಸ್ ಬಂದು ಮತ್ತೆ ಶುರು ಮಾಡಿದರು. ಅದರಲ್ಲಿ ಸ್ಯಾಮ್ ಕುಕ್ ಅವರ ಮೂರು ಹಾಡು ಇವೆ. ಕುಕ್ ಅದಕ್ಕೂ ಮುಂಚಿನ ಡಿಸೆಂಬರ್‌ನಲ್ಲಿ ತೀರಿಕೊಂಡಿದ್ದರು. ತನಗಿಷ್ಟದ ಗಾಯಕನನ್ನು ಓಟಿಸ್ ನೆನೆದ ರೀತಿ ಇದು: ಅವರ ಹಾಡನ್ನು ಅವರ ಥರ ಹಾಡಲಿಲ್ಲ. ಕುಕ್ ದನಿ ಬೆಣ್ಣೆ, ಓಟಿಸ್ ಅದನ್ನು ತನ್ನ ಒರಟು ದನಿಯಲ್ಲೇ ಹಾಡಿದ. ನಮ್ಮ ಸಂಜೆಗೆ ನಾನು ಬುದ್ಧಿ ಕಲಿತಿದ್ದು ಇಲ್ಲಿಂದಲೇ ಅನ್ನಬಹುದು. ‘ರೆಸ್ಪೆಕ್ಟ್’ ಇರುವುದೂ ಇದರಲ್ಲೇ. ಬರೆದವನು ಓಟಿಸ್. ಗಾಯಕಿ ಅರೀಥಾ ಫ್ರಾಂಕ್ಲಿನ್ 1967ರಲ್ಲಿ ಅದನ್ನು ಎತ್ತಿಕೊಂಡು ಪೂರ್ತಿ ತಮ್ಮದು ಮಾಡಿಕೊಂಡರು. ಹೊಸಬರು ಯಾರಾದರೂ ಇದ್ದರೆ ಎರಡನ್ನೂ ಒಂದರ ಹಿಂದೊಂದು ಹಾಕುತ್ತೇನೆ, ಜಗಳ ಗ್ಯಾರಂಟಿ. (ನನ್ನ ಓಟು ಅರೀಥಾಗೆ. ಅಭಿಮಾನಿ ಅಂದರೆ ಎಲ್ಲದರಲ್ಲೂ ಅವನೇ ಗೆಲ್ಲಬೇಕು ಅಂತೇನಿಲ್ಲ ಅಲ್ವಾ?)

ಇಡೀ ಸಂಜೆಯ ಮುಖ್ಯ ಹಾಡು 1966ರ ‘ಟ್ರೈ ಎ ಲಿಟಲ್ ಟೆಂಡರ್‌ನೆಸ್’. ಇದನ್ನು ಎರಡು ಸಲ ಹಾಕುತ್ತೇನೆ. ಮೂಲದಲ್ಲಿ ಇದು 1930ರ ದಶಕದ ಮೆಲ್ಲನೆಯ, ಮರ್ಯಾದಸ್ಥ ಹಾಡು. ಮೊದಲ ಸಲ ಸುಮ್ನೆ ಕೇಳಿ ಅನ್ನುತ್ತೇನೆ. ಎರಡನೇ ಸಲ ಓಟಿಸ್‌ನನ್ನು ಬಿಟ್ಟುಬಿಡಿ, ಅಲ್ ಜಾಕ್ಸನ್ ಒಬ್ಬರನ್ನೇ ಕೇಳಿ ಅನ್ನುತ್ತೇನೆ. ಶುರುವಿನಲ್ಲಿ ಡ್ರಮ್ ಇಲ್ಲವೇ ಇಲ್ಲ. ಆಮೇಲೆ ಕೋಲಿನಿಂದ ಡ್ರಮ್ಮಿನ ಅಂಚಿಗೆ ಟಿಕ್ ಟಿಕ್ ಅಂತ ಬಡಿಯೋದು ಶುರುವಾಗುತ್ತದೆ. ಹಾಡು ಇನ್ನೂ ನಿಧಾನವಾಗಿಯೇ ಇದೆ, ಆ ಟಿಕ್ ಟಿಕ್ ಮಾತ್ರ ಅದರ ಎರಡರಷ್ಟು ವೇಗದಲ್ಲಿ ನಡೆಯುತ್ತಿದೆ. ಮುಂದೆ ಏನೋ ಆಗುತ್ತದೆ ಅಂತ ಅದು ಮೊದಲೇ ಹೇಳಿಬಿಡುತ್ತದೆ. ಆರ್ಗನ್ ಸೇರುತ್ತದೆ, ಗಿಟಾರ್ ಸೇರುತ್ತದೆ, ಪೂರ್ತಿ ಡ್ರಮ್ ಬರುತ್ತದೆ, ಕೊನೆಗೆ ಓಟಿಸ್ ಮಾತು ಬಿಟ್ಟು ಬರೀ ತುಂಡು ಪದಗಳನ್ನು ಎಸೆಯುತ್ತಿರುತ್ತಾನೆ. ಹಾಡು ಮುಗಿದ ಮೇಲೆ ಮೊದಲ ಸಲ ಬಂದವರು ನನ್ನ ಮುಖ ನೋಡುತ್ತಾರೆ. ಬೆಂಗಳೂರಿನಿಂದ ಬಂದಿದ್ದ ನಮ್ಮತ್ತೆ, ಇಂಗ್ಲಿಷ್ ಹಾಡು ಅಂದರೆ ಎದ್ದು ಹೋಗುವವರು, ಇದು ಮುಗಿಯುವವರೆಗೂ ಕೂತಿದ್ದು “ಈ ಹುಡುಗ ಯಾರಪ್ಪಾ, ಇಷ್ಟೊಂದು ಬೇಡಿಕೊಳ್ತಾನೆ” ಅಂದರು.

ಈಗ ಜಗಳದ ವಿಷಯ. ‘ಡಾಕ್ ಆಫ್ ದಿ ಬೇ’ ಎಲ್ಲಿ ಹಾಕಬೇಕು? ಎಲ್ಲರಿಗೂ ಗೊತ್ತಿರುವ ಹಾಡು ಅದೊಂದೇ. ಸಾಯುವ ಕೆಲವೇ ದಿನ ಮುಂಚೆ ಹಾಡಿದ್ದು. ಅಲೆ, ಕಡಲಹಕ್ಕಿಯ ಸದ್ದನ್ನು ಕ್ರಾಪರ್ ಅವನು ಹೋದ ಮೇಲೆ ಸೇರಿಸಿ ಮುಗಿಸಿದರು. 1968ರ ಜನವರಿಯಲ್ಲಿ ಬಂತು, ಮಾರ್ಚ್‌ನಲ್ಲಿ ಅಮೆರಿಕದ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಹೋಯಿತು. ಗಾಯಕ ತೀರಿಕೊಂಡ ಮೇಲೆ ಹಾಗೆ ಮೇಲೇರಿದ ಮೊದಲ ಹಾಡು ಅಲ್ಲಿ ಅದೇ. ಎಲ್ಲರೂ ಇದನ್ನು ಕೊನೆಗೆ ಹಾಕುತ್ತಾರೆ. ನಾನು ಮಧ್ಯದಲ್ಲಿ ಹಾಕುತ್ತೇನೆ. ಯಾಕೆಂದರೆ ಅವನು ಇದನ್ನು ವಿದಾಯ ಅಂತ ಹಾಡಲಿಲ್ಲ. ಗಂಟಲಿನ ಆಪರೇಷನ್ ಆಗಿ, ಕೆಲ ವಾರ ಮಾತೂ ಇಲ್ಲದೆ ಕೂತು, ಬೀಟಲ್ಸ್ ಕೇಳಿಕೊಂಡು, ಹೊಸ ಥರ ಬರೆಯೋಕೆ ಹೊರಟಿದ್ದ. ಸ್ಟ್ಯಾಕ್ಸ್ ಮಾಲೀಕ ಜಿಮ್ ಸ್ಟುವರ್ಟ್‌ಗೆ ಹಾಡು ಹಿಡಿಸಲಿಲ್ಲ, ಇದು ನಮ್ಮ ಥರದ ಹಾಡಲ್ಲ ಅನಿಸಿತು. ಅಂದರೆ ಅದು ಏನೋ ಒಂದರ ಶುರುವಾತು.

ನಮ್ಮ ಗುಂಪಿನಲ್ಲಿ ಒಬ್ಬರು ಹಿರಿಯರಿದ್ದಾರೆ, 1967ರಲ್ಲಿ ಇಲ್ಲೇ ವಿದ್ಯಾರ್ಥಿ. ಅವತ್ತಿನ ಕಾರ್ಯಕ್ರಮಕ್ಕೆ ಟಿಕೆಟ್ ತೆಗೆದುಕೊಂಡಿದ್ದರು. ಅವರು ನನ್ನ ಮಾತು ಒಪ್ಪುವುದೇ ಇಲ್ಲ. ನಿನಗೆ ಅದು ಶುರುವಾತು ಇರಬಹುದು, ನಾವು ಕೇಳಿದ್ದು ಅವನು ಹೋದ ಮೇಲೆ, ಚಳಿಗಾಲದಲ್ಲಿ, ರೇಡಿಯೋದಲ್ಲಿ, ಅದೇ ಕೆರೆ ಕಿಟಕಿಯಲ್ಲಿ ಕಾಣುತ್ತಿರುವಾಗ ಅನ್ನುತ್ತಾರೆ. ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ಹಾಡು ಮಾತ್ರ ಇನ್ನೂ ಮಧ್ಯದಲ್ಲೇ ಇದೆ, ಮನೆ ನನ್ನದು.

ಕೊನೆಗೆ ಹಾಕುವುದು 1967ರ ಜೂನ್‌ನಲ್ಲಿ ಕ್ಯಾಲಿಫೋರ್ನಿಯಾದ ಮಾಂಟೆರೆ ಸಂಗೀತ ಉತ್ಸವದಲ್ಲಿ ಅವನು ಹಾಡಿದ್ದರ ಧ್ವನಿಮುದ್ರಣ. ಐದೇ ಹಾಡು. ಎದುರಿಗೆ ಕೂತವರು ಹೆಚ್ಚಾಗಿ ಬಿಳಿ ಹಿಪ್ಪಿ ಹುಡುಗರು, ಬಹಳ ಜನ ಅವನನ್ನು ಅದಕ್ಕೆ ಮುಂಚೆ ಕೇಳಿದವರಲ್ಲ. ಮೊದಲ ಹಾಡಿಗೇ ಎದ್ದು ನಿಂತರು. ನಮ್ಮ ಮನೆಯಲ್ಲೂ ಈ ಹೊತ್ತಿಗೆ ಯಾರೂ ಕೂತಿರುವುದಿಲ್ಲ.

ಸಣ್ಣಪುಟ್ಟ ವಿಷಯಗಳು. ಫೋನುಗಳು ಒಂದು ಡಬ್ಬಿಗೆ. ಊಟ ಹಾಡು ಮುಗಿದ ಮೇಲೆ, ಮಧ್ಯೆ ಬರೀ ಕಾಫಿ. ತಟ್ಟೆ ಚಮಚದ ಸದ್ದಿನಲ್ಲಿ ಅಲ್ ಜಾಕ್ಸನ್ ಕೇಳಿಸುವುದಿಲ್ಲ. ದುಬಾರಿ ಸಾಮಾನು ಬೇಡ. ಬ್ಲೂಟೂತ್ ಡಬ್ಬಿ ಒಂದರ ಬದಲು ಎರಡು ಸಾಧಾರಣ ಸ್ಪೀಕರ್ ಇದ್ದರೆ ಸಾಕು, ಗೋಡೆಯಿಂದ ಸ್ವಲ್ಪ ಮುಂದೆ ಇಡಿ. ಮೊನೊ ಮುದ್ರಣ (ಎರಡೂ ಸ್ಪೀಕರ್‌ನಲ್ಲಿ ಒಂದೇ ಸದ್ದು ಬರುವಂಥದ್ದು) ಸಿಕ್ಕರೆ ಅದನ್ನೇ ಹಾಕಿ, ಡ್ರಮ್ಮೂ ದನಿಯೂ ಒಂದೇ ಕಡೆಯಿಂದ ಎದೆಗೆ ಬರುತ್ತವೆ. ಸಿಗದಿದ್ದರೆ ತಲೆ ಕೆಡಿಸಿಕೊಳ್ಳಬೇಡಿ. ಡಿಸೆಂಬರ್ ಬೇಡ ಅನಿಸಿದರೆ ಸೆಪ್ಟೆಂಬರ್ 9 ಅವನ ಹುಟ್ಟುಹಬ್ಬ, ಅವತ್ತು ಮಾಡಿ. ಚಳಿಯಾದರೂ ಇರುವುದಿಲ್ಲ.