ಬಾಲ ನೆಟ್ಟಗಾದ ಕತೆ: ವಾದ ಮಾಡುವ ಚಟಕ್ಕೆ ನಾನು ಇಟ್ಟ ಲೆಕ್ಕ

ಇನ್ನು ಮೇಲೆ ಮಾತಿನಲ್ಲಿ ತಗ್ಗಿ ನಡೆಯುತ್ತೇನೆ ಎಂದಾಗ ಮನೆಯವರೆಲ್ಲ ನಕ್ಕರು. "ನಾಯಿ ಬಾಲ..." ಅಂತ ಭಾವ ಅರ್ಧಕ್ಕೇ ನಿಲ್ಲಿಸಿದರು, ಉಳಿದರ್ಧ ಎಲ್ಲರಿಗೂ ಗೊತ್ತಿತ್ತು. ಎರಡು ವರ್ಷ ಕಳೆದು, ನಕ್ಕವರೇ ಮೊನ್ನೆ "ಏನು ಮಾಡಿದೆ ಮಾರಾಯ?" ಎಂದು ಕೇಳಿದ್ದರಿಂದ ಬರೆಯುತ್ತಿದ್ದೇನೆ. ನಡುವೆ ಬಾಯಿ ಹಾಕಬಾರದು, ದನಿ ಏರಿಸಬಾರದು, ಆಳನ್ನು ಬಿಟ್ಟು ವಿಷಯ ಹಿಡಿಯಬೇಕು, ಇವೆಲ್ಲ ನಿಮಗೆ ಗೊತ್ತೇ ಇವೆ. ನನಗೂ ಗೊತ್ತಿತ್ತು. ಗೊತ್ತಿದ್ದೂ ಹತ್ತಿರಹತ್ತಿರ ಎರಡು ತಿಂಗಳ ಸಂಬಳ ನೀರಿಗೆ ಹಾಕಿದೆ.

ನಿಜವಾಗಿಯೂ ನೀರಿಗೇ. ಮಲಗುವ ಕೋಣೆಯ ಗೋಡೆ ಒದ್ದೆಯಾಗಿ ಬಣ್ಣ ಪೊರೆ ಬಿಡುತ್ತಿತ್ತು. ತಾರಸಿಯಿಂದ ಇಳಿಯುತ್ತಿದೆ ಎಂದು ನನ್ನ ತೀರ್ಪು. ಭಾವ ಒಂದು ಸಲ ಗೋಡೆ ಮುಟ್ಟಿ ನೋಡಿ, "ಬಚ್ಚಲಿನ ಪೈಪು ಕಣಯ್ಯಾ. ಮಳೆ ನಿಂತು ತಿಂಗಳಾಯ್ತು, ಇನ್ನೂ ಒದ್ದೆ ಇದೆಯಲ್ಲ" ಅಂದರು. ಕೇಳಿಸಿಕೊಳ್ಳದವನ ಹಾಗೆ ತಾರಸಿಗೆಲ್ಲ ವಾಟರ್‌ಪ್ರೂಫಿಂಗ್ ಮಾಡಿಸಿದೆ. ಗೋಡೆ ಒಣಗಲಿಲ್ಲ. ಕೆಲಸ ಕೆಟ್ಟದಾಗಿದೆ ಎಂದು ಮೇಸ್ತ್ರಿಯ ಮೇಲೆ ಹರಿಹಾಯ್ದು, ಬಾಕಿ ಹಣ ಹಿಡಿದಿಟ್ಟು, ಇನ್ನೊಬ್ಬರ ಕೈಲಿ ಮತ್ತೊಂದು ಪದರ ಹಾಕಿಸಿದೆ. ಕೊನೆಗೆ ಬಚ್ಚಲಿನ ಟೈಲ್ಸ್ ಒಡೆಸಿದಾಗ ಪೈಪಿನ ಎಲ್ಬೋ ಸೀಳಿ, ಸೂಜಿಯಷ್ಟು ಸಣ್ಣಗೆ ನೀರು ಚಿಮ್ಮುತ್ತಿತ್ತು. ರಿಪೇರಿಗೆ ಆದದ್ದು ತಾರಸಿಯ ಖರ್ಚಿನ ಇಪ್ಪತ್ತರಲ್ಲಿ ಒಂದು ಪಾಲೂ ಇರಲಿಕ್ಕಿಲ್ಲ. ಭಾವ ತುಟಿ ಬಿಚ್ಚಲಿಲ್ಲ, ಅದೇ ಹೆಚ್ಚು ಉರಿಸಿತು. ಮೇಸ್ತ್ರಿಗೆ ಬಾಕಿ ಕೊಟ್ಟು "ತಪ್ಪು ನನ್ನದು" ಎನ್ನಲು ಮೂರು ವಾರ ತೆಗೆದುಕೊಂಡೆ. ಆತ ಹಣ ಎಣಿಸಿಕೊಂಡು, "ಅವತ್ತೇ ಹೇಳೋಣ ಅಂದ್ಕೊಂಡೆ ಸಾರ್, ನೀವು ಮಾತಾಡೋಕೆ ಬಿಡಲಿಲ್ಲ" ಅಂದ.

ಮೊದಲು ಮಾಡಿದ್ದು ಮಾತಿಗೆ ಕಡಿವಾಣ ಹಾಕುವುದು. ಅಮೆರಿಕದ ಹಳೆಯ ಮುತ್ಸದ್ದಿ ಬೆಂಜಮಿನ್ ಫ್ರಾಂಕ್ಲಿನ್ "ಖಂಡಿತ", "ನಿಸ್ಸಂದೇಹ" ಎಂಬಂಥ ಪದಗಳನ್ನೇ ಬಿಟ್ಟು "ನನಗೆ ತೋರುವಂತೆ" ಎನ್ನುವ ಅಭ್ಯಾಸ ಮಾಡಿಕೊಂಡಿದ್ದನಲ್ಲ, ಅದೇ ದಾರಿ. "ಖಂಡಿತ" ಬಿಟ್ಟೆ, "ನೂರಕ್ಕೆ ನೂರು" ಬಿಟ್ಟೆ. ಒಂದೇ ತಿಂಗಳಲ್ಲಿ ಹೆಂಡತಿ ಹೇಳಿದಳು: "ನೀವು 'ನನಗನ್ನಿಸುತ್ತೆ' ಅನ್ನೋ ದನಿಯಲ್ಲೇ ಇನ್ಯಾರೂ ಮಾತಾಡಬಾರದು ಅನ್ನೋದು ಕೇಳುತ್ತೆ." ಫ್ರಾಂಕ್ಲಿನ್ನನಿಗೂ ನಿಜವಾದ ವಿನಯ ಅಷ್ಟಾಗಿ ದಕ್ಕಲಿಲ್ಲವಂತೆ, ತೋರಿಕೆಯದು ಮಾತ್ರ ಚೆನ್ನಾಗಿ ದಕ್ಕಿತಂತೆ. ಆತ್ಮಕಥೆಯಲ್ಲಿ ಅವನೇ ಒಪ್ಪಿಕೊಂಡಿದ್ದಾನೆ. ಅದನ್ನು ನಾನು ಮೊದಲೇ ಓದಿಕೊಳ್ಳಬೇಕಿತ್ತು.

ಎರಡನೆಯದು ಪೂರ್ವಪಕ್ಷ. ಎದುರಿನವರ ಮಾತನ್ನು ಅವರೇ ಮೆಚ್ಚುವ ಹಾಗೆ ಹೇಳಿ, ಆಮೇಲೆ ನನ್ನದು. ಅಪ್ಪನ ಮೇಲೆ ಪ್ರಯೋಗಿಸಿದೆ. "ನನ್ನ ಪಾಠ ನನಗೇ ಒಪ್ಪಿಸ್ತಿದ್ದೀಯಾ?" ಎಂದು ಎದ್ದು ಹೋದರು. ಅವರು ಆಡಿದ ಪದಗಳನ್ನೇ ಗಿಳಿಯ ಹಾಗೆ ಉದುರಿಸಿದ್ದೆ. ಆಮೇಲೆ ತಿದ್ದಿಕೊಂಡೆ: ಅವರು ಹೇಳದೆ ಬಿಟ್ಟ ಒಂದು ಕಾರಣವನ್ನು ನಾನೇ ಹುಡುಕಿ ಅವರ ಪರವಾಗಿ ಸೇರಿಸಬೇಕು. ಆಗ "ಹಾಂ, ಅದೇ" ಎಂಬ ಮಾತು ಬರುತ್ತದೆ. ಅದು ಬರುವವರೆಗೆ ನನ್ನ ಸರದಿ ಇಲ್ಲ. ಹತ್ತರಲ್ಲಿ ಮೂರು ನಾಲ್ಕು ಸಲ, ಆ ಕಾರಣ ಹುಡುಕುವಾಗಲೇ ನನ್ನ ವಾದದ ಗಾಳಿ ಇಳಿದುಹೋಗುತ್ತದೆ.

ನಿಜಕ್ಕೂ ಕೆಲಸ ಮಾಡಿದ್ದು ಲೆಕ್ಕದ ಪುಸ್ತಕ. ಆಫೀಸಿನ ಗೆಳೆಯರು ಇದಕ್ಕೇ ಹೆಚ್ಚು ಗೇಲಿ ಮಾಡಿದ್ದು. ಯಾವುದನ್ನಾದರೂ ಗಟ್ಟಿಯಾಗಿ ಹೇಳಿದರೆ ಅವತ್ತೇ ಬರೆಯಬೇಕು, ಪಕ್ಕದಲ್ಲಿ ಎಷ್ಟು ಪರ್ಸೆಂಟ್ ಎಂದೂ ಹಾಕಬೇಕು. ಸರಿಯೋ ತಪ್ಪೋ ಗೊತ್ತಾದ ದಿನ ಅಂಕ. ಹವಾಮಾನ ಮುನ್ಸೂಚನೆಗಳನ್ನು ಅಳೆಯಲು ಗ್ಲೆನ್ ಬ್ರಯರ್ 1950ರಲ್ಲಿ ಕೊಟ್ಟ ಲೆಕ್ಕವನ್ನೇ ಹಿಡಿದೆ: ಹೇಳಿದ್ದಕ್ಕೂ ಆದದ್ದಕ್ಕೂ ಇರುವ ಅಂತರದ ವರ್ಗ, ಅಂದರೆ ಅಂತರವನ್ನು ಅದರಿಂದಲೇ ಗುಣಿಸಿದ್ದು. 90 ಪರ್ಸೆಂಟ್ ಅಂದರೆ 0.9, ಮಾತು ನಿಜವಾದರೆ 1, ಸುಳ್ಳಾದರೆ 0; ಅಂಕ ಕಡಿಮೆಯಾದಷ್ಟೂ ಒಳ್ಳೆಯದು. 90 ಅಂದು ತಪ್ಪಿದರೆ 0.81 ದಂಡ, ಸರಿಯಾದರೆ ಬರೀ 0.01. ಎಲ್ಲಕ್ಕೂ ಕಣ್ಣು ಮುಚ್ಚಿ 50 ಅಂದರೆ ಏನೇ ಆದರೂ 0.25. ಮೊದಲ ಮೂರು ತಿಂಗಳಲ್ಲಿ ಸುಮಾರು ಅರವತ್ತು ಮಾತು, ಬಹುಪಾಲು 90ರವು. ಸರಿಯಾದದ್ದು ನೂರಕ್ಕೆ ಅರವತ್ತೈದರ ಆಸುಪಾಸು. ಸರಾಸರಿ 0.29 ಇರಬೇಕು. ಅಂದರೆ ಎಲ್ಲದಕ್ಕೂ "ಅರ್ಧಕ್ಕರ್ಧ" ಅಂದು ಸುಮ್ಮನಿದ್ದಿದ್ದರೆ ನನಗಿಂತ ವಾಸಿ. ಆ ಸಂಖ್ಯೆ ನೋಡಿದ ರಾತ್ರಿ ಊಟ ಸೇರಲಿಲ್ಲ. ಈಗ 0.17ರ ಹತ್ತಿರ ಇದ್ದೇನೆ, ಗೇಲಿ ಮಾಡಿದವರಲ್ಲಿ ಇಬ್ಬರು ಪುಸ್ತಕ ಇಟ್ಟಿದ್ದಾರೆ, ಇಬ್ಬರ ಅಂಕವೂ ನನ್ನದಕ್ಕಿಂತ ಕೆಟ್ಟದಿದೆ. ಇದನ್ನು ಹೇಳುವಾಗ ವಿನಯ ಸ್ವಲ್ಪ ಸಡಿಲವಾಗುತ್ತದೆ, ಕ್ಷಮಿಸಿ.

ನಡುವೆ ಒಂದು ಅಡ್ಡ ಪ್ರಯೋಗ. ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ರೋಜೆನ್‌ಬ್ಲಿಟ್ ಮತ್ತು ಕೀಲ್ 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಜನರಿಗೆ ಜಿಪ್ಪು, ಫ್ಲಶ್ಶು ಮುಂತಾದವು ಹೇಗೆ ಕೆಲಸ ಮಾಡುತ್ತವೆ ಎಂದು ಬಿಡಿಸಿ ಬರೆಯಲು ಹೇಳಿದ್ದರು. ಬರೆದ ಮೇಲೆ, ತಮಗೆ ಎಷ್ಟು ಗೊತ್ತು ಎಂದು ಮೊದಲು ಹಾಕಿಕೊಂಡಿದ್ದ ಅಂಕವನ್ನು ಅವರೇ ಇಳಿಸಿಕೊಂಡರು. ನಾನೂ ಫ್ಲಶ್ ಟ್ಯಾಂಕಿನ ಚಿತ್ರ ಬರೆಯಲು ಕೂತೆ. ಚೆಂಡು ಬರೆದೆ, ಸರಪಳಿ ಬರೆದೆ, ನೀರು ಒಮ್ಮೆಲೇ ಯಾಕೆ ನುಗ್ಗುತ್ತದೆ ಎಂಬಲ್ಲಿ ಪೆನ್ನು ನಿಂತಿತು. ಆಗ ಹೊಳೆಯಿತು: ತಾರಸಿಯ ನೀರು ಆ ಗೋಡೆಗೇ, ಅದೂ ನೆಲದಿಂದ ಎರಡಡಿ ಎತ್ತರಕ್ಕೆ ಮಾತ್ರ, ಹೇಗೆ ಬಂದೀತು ಎಂದು ಒಂದು ಸಲವೂ ಗೆರೆ ಎಳೆದು ನೋಡಿರಲಿಲ್ಲ. ಈಗ ಯಾವ ವಾದಕ್ಕೆ ಮುಂಚೆಯೂ ನನ್ನನ್ನೇ "ಹೇಗೆ?" ಎಂದು ಕೇಳಿಕೊಳ್ಳುತ್ತೇನೆ. ಎದುರಿನವರನ್ನು ಕೇಳುವಾಗ ಮಾತ್ರ ಹುಷಾರು, ದನಿ ಒಂದು ಎಳೆ ಏರಿದರೂ ಪೊಲೀಸ್ ವಿಚಾರಣೆಯಾಗುತ್ತದೆ.

ಇನ್ನೆರಡು ಉಪಾಯಗಳಿವೆ. ಒಂದು, ಮಾತು ಕೈಮೀರುವ ಹೊತ್ತಿಗೆ ಅದನ್ನು ತಣ್ಣಗೆ ನಾಳೆಗೆ ತಳ್ಳುವ ಬಗೆ. ಇನ್ನೊಂದು, ಹಿರಿಯರೆದುರು ತಪ್ಪು ಒಪ್ಪಿಕೊಳ್ಳುವ ಹೊತ್ತು ಆರಿಸುವುದು. ಎರಡನ್ನೂ ಇಲ್ಲಿ ಬಿಚ್ಚಿಡುವುದಿಲ್ಲ, ಭಾವ ಓದುತ್ತಾರೆ.

ಅವರೂ ಈಗ ಪರ್ಸೆಂಟಿನಲ್ಲೇ ಮಾತಾಡುತ್ತಾರೆ. ತೊಂಬತ್ತಕ್ಕಿಂತ ಕೆಳಗೆ ಇನ್ನೂ ಇಳಿದಿಲ್ಲ.